ಗಾಂಧಾರಕ್ಕೊಂದು ಉಗುರು

ವಿಭಾಗ ಅಂತ ಬೋರ್ಡಿನಲ್ಲಿದೆ.
ಅಂದರೆ ನಾನು, ಸೈಕಲ್ ಸ್ಟ್ಯಾಂಡಿನ ಪಕ್ಕದ ಕೋಣೆ,
ಒಂದು ಹಾರ್ಮೋನಿಯಂ, ಒಂದೇ ಮಗ್ಗುಲು ಮಾತಾಡುವ ಡೋಲಕ್,
ನಾಲ್ಕು ಜೊತೆ ತಾಳ, ಅದರಲ್ಲಿ ಒಂದು ಒಂಟಿ.

ಅರಸೀಕೆರೆಯಲ್ಲಿ ಜೂನ್ ಅಂದರೆ
ಬೀಗ ತೆಗೆದು ಮೊದಲು ಕೆಮ್ಮುವುದು.
ಈ ಸಲ ತಿದಿಯೊಳಗೆ ಇಲಿ ಮರಿ ಹಾಕಿತ್ತು,
ಹಾಸಿಗೆಗೆ ಹೋದ ವರ್ಷದ ಪ್ರಶ್ನೆಪತ್ರಿಕೆ.
ಅಡುಗೆಯ ಕೆಂಪಮ್ಮ ಮರಿಗಳನ್ನು ಮೊರದಲ್ಲಿ ಹೊತ್ತು
ಬೇಲಿಯಾಚೆ ಬಿಟ್ಟು ಬಂದಳು.
ಹರಿದ ಕಡೆ ಹಳೇ ಕೊಡೆಯ ಬಟ್ಟೆ ಅಂಟಿಸಿದೆ.
ಗಾಂಧಾರ ಮಾತ್ರ ಒತ್ತಿದರೆ ಮೇಲೇಳುವುದಿಲ್ಲ,
ಎಬ್ಬಿಸಲು ಉಗುರು ಬೇಕು.

ಮಂಗಳವಾರ ಮೂರನೇ ಪಿರಿಯಡ್, ಶುಕ್ರವಾರ ಕೊನೆಯದು.
ಶುಕ್ರವಾರದ್ದನ್ನು ಗಣಿತದವರು ಸಾಲ ಕೇಳುತ್ತಾರೆ.
ಅಸಲು ಬಂದದ್ದಿಲ್ಲ. ಬಡ್ಡಿ, ಒಂದು ಮುಗುಳ್ನಗೆ.

ಸರಳೆ ವರಸೆ ಎರಡನೇ ಕಾಲಕ್ಕೆ ಏರುವಾಗಲೇ
ಹುಬ್ಬಳ್ಳಿ ಕಡೆಯ ಗೂಡ್ಸು.
ಐವತ್ತೆಂಟು ಡಬ್ಬಿ, ಮುಬಾಶಿರ ಎಣಿಸಿದ್ದಾನೆ.
ಅಷ್ಟು ಹೊತ್ತು ಷಡ್ಜ ಹಿಡಿದಿರಿ ಅಂದಿದ್ದೇನೆ,
ರೈಲು ಹೋದ ಮೇಲೆ ಯಾರದು ಎಲ್ಲಿ ಉಳಿದಿದೆ ನೋಡೋಣ.
ಹೆಚ್ಚಿನವರದ್ದು ಬಾಣಾವರ ದಾಟಿರುತ್ತದೆ.
ಎಂಟನೇ ಕ್ಲಾಸಿನ ಭೈರೇಶನದು ಮಾತ್ರ ಇಟ್ಟಲ್ಲೇ,
ಮೊಳೆಗೆ ಹಾಕಿದ ಟವೆಲ್ಲಿನ ಹಾಗೆ.

ಅವನಪ್ಪ ಕೊಬ್ಬರಿ ಮಂಡಿಯಲ್ಲಿ ತೂಕ ಕೂಗುವವನು.
ಗಂಟಲು ಮನೆತನದ್ದು, ಶ್ರುತಿ ಎಲ್ಲಿಯದೋ.
ಐದೂವರೆಯಲ್ಲಿ, ಹುಡುಗಿಯರಿಗಿಂತ ಒಂದೆಳೆ ಮೇಲೆ.
ಧ್ವಜ ಹಾರಿಸಿದ ದಿನ ಮೈಕು ಕೈಕೊಟ್ಟಿತು,
ಯಾರಿಗೂ ಗೊತ್ತೇ ಆಗಲಿಲ್ಲ.
ಪ್ರತಿಭಾ ಕಾರಂಜಿ: ಕ್ಲಸ್ಟರಿಗೆ ಮೊದಲು, ತಾಲ್ಲೂಕಿಗೆ ಮೊದಲು,
ಜಿಲ್ಲೆಗೆ ಹಾಸನ, ನವೆಂಬರ್ ಹತ್ತೊಂಬತ್ತು.
ಹೆಡ್‌ಮಾಸ್ಟರ್ ಆರಾಧ್ಯರು ಬಸ್ ಚಾರ್ಜು ಮುಂಗಡ ಕೊಟ್ಟು
ರಸೀತಿಗೆ ಸಹಿ ಹಾಕಿಸಿಕೊಂಡರು.

ದೀಪಾವಳಿ ರಜೆ ಮುಗಿಸಿ ಬಂದವನು
ಬಾಯಿ ತೆರೆದರೆ ಒಳಗೆ ಬೇರೆ ಯಾರೋ.
ಪಂಚಮದ ಮೆಟ್ಟಿಲಲ್ಲಿ ಕಾಲು ಜಾರಿ
ಕೆಳಗೆಲ್ಲೋ ಹಸಿಮಣ್ಣಿಗೆ ಬಿದ್ದ ಸದ್ದು.
ಹುಡುಗಿಯರು ನಕ್ಕರು.
ಅವನೂ ನಕ್ಕ, ಅದೂ ಎರಡು ದನಿಯಲ್ಲಿ.

ಶುಂಠಿ ಕಷಾಯ, ಉಪ್ಪುನೀರು, ಕೆಂಪಮ್ಮನ ಕಾಳುಮೆಣಸು.
ಶೀತವಲ್ಲ ಅಂತ ನನಗೆ ಗೊತ್ತಿತ್ತು.
ಗೊತ್ತಿದ್ದೂ ವಾರವೆಲ್ಲ ಕುಡಿಸಿದೆ.
ಆರಾಧ್ಯರಿಗೆ ಏನಂತ ಹೇಳಲಿ:
ಹುಡುಗ ದೊಡ್ಡವನಾಗುತ್ತಿದ್ದಾನೆ ಸಾರ್,
ಬಸ್ ಚಾರ್ಜು ವಾಪಸ್ ತಗೊಳ್ಳಿ?

ಹಾಸನದಲ್ಲಿ ಹಾಡಿದ್ದು ಸುಚೇತಾ.
ಭೈರೇಶ ಹಾರ್ಮೋನಿಯಂ ಹೊತ್ತು ಬಂದ,
ನನ್ನ ಮಗ್ಗುಲಲ್ಲಿ ಕೂತ,
ನಾನು ಗಾಂಧಾರ ಒತ್ತಿದಾಗಲೆಲ್ಲ
ಉಗುರಿನಿಂದ ಮೆಲ್ಲಗೆ ಎತ್ತಿದ.
ಒಂದು ಸಲವೂ ತಡವಾಗಲಿಲ್ಲ.
ಆ ಹುಡುಗ ಏನು ಮಾಡ್ತಾನೆ, ಅಂದರು ತೀರ್ಪುಗಾರರು.
ಗಾಂಧಾರ ಸಾರ್, ಅಂದೆ.
ಮೂರನೇ ಬಹುಮಾನ, ಸ್ಟೀಲು ಡಬ್ಬಿ.
ಬಸ್ಸಿನಲ್ಲಿ ಅದರ ಮುಚ್ಚಳದ ಮೇಲೆ ಮುಬಾಶಿರ
ಆದಿತಾಳ ಹಾಕುತ್ತಲೇ ಬಂದ, ಕಂಡಕ್ಟರ್ ಬೈದರೂ.

ಫೆಬ್ರವರಿಗೆ ನನ್ನ ಕೋಣೆ ಉತ್ತರಪತ್ರಿಕೆಯ ಬಂಡಲ್ಲಿಗೆ ಹೋಯಿತು.
ಬಾಗಿಲಿಗೆ ಚೀಟಿ: ಪರೀಕ್ಷೆ ಇದೆ, ಶಬ್ದ ಮಾಡಬಾರದು.
ನಾನೇ ಬರೆದದ್ದು, ಅಕ್ಷರ ಚೆನ್ನಾಗಿದೆ ಅಂತ.

ಏಪ್ರಿಲ್, ದಾಸ್ತಾನು ಪುಸ್ತಕ.
ಹಾರ್ಮೋನಿಯಂ ಒಂದು, ದುರಸ್ತಿಯೋಗ್ಯ. ಡೋಲಕ್ ಒಂದು.
ತಾಳ ಮೂರೂವರೆ ಜೊತೆ.
ಆರಾಧ್ಯರು ಅದನ್ನು ಹೊಡೆದು ನಾಲ್ಕು ಅಂತ ತಿದ್ದಿದರು,
ಆಡಿಟ್‌ನವರಿಗೆ ಅರ್ಧ ಅರ್ಥವಾಗುವುದಿಲ್ಲ.

ಬೀಗ ಹಾಕುವಾಗ ಗೂಡ್ಸು ಬಂತು.
ಸೈಕಲ್ ಸ್ಟ್ಯಾಂಡಿನ ಕಡೆ, ಚಕ್ರಗಳ ಸದ್ದಿನ ಅಡಿಯಲ್ಲಿ,
ಯಾರೋ ಷಡ್ಜ ಹಿಡಿದಿದ್ದಾರೆ, ತೀರಾ ಕೆಳಗೆ,
ಒಂದೂವರೆ ಇರಬಹುದು, ಇನ್ನೂ ಒರಟು.
ತಿರುಗಿ ನೋಡಲಿಲ್ಲ. ಬೀಗ ಕೈಯಲ್ಲೇ.
ನಲವತ್ತಾರು, ನಲವತ್ತೇಳು.