ಟಿಕೆಟ್ಟಿನ ಹಿಂದೆ ಬರೆದ ಬಾಕಿ

ಮಾತೆಲ್ಲ ಹೋಗಿ ಉಳಿದದ್ದು ಒಂದೇ: ರೈಟ್.
ನೀರು ಬೇಕಾದರೂ ರೈಟ್, ನೋವಾದರೂ ರೈಟ್.
ದೊಡ್ಡಾಸ್ಪತ್ರೆಯ ವಾರ್ಡು ನಕ್ಕಿತು. ನಾನೂ ನಕ್ಕೆ, ಅರ್ಧ ಬಾಯಲ್ಲಿ.
ಇಪ್ಪತ್ತಾರು ವರ್ಷ ಮೈಸೂರು-ಬನ್ನೂರು ರೂಟಿನಲ್ಲಿ ಕೂಗಿದ ಪದ,
ಮಿದುಳಿನ ಬೇರೆ ಯಾವುದೋ ಡಿಪೋದಲ್ಲಿ
ರಾತ್ರಿ ತಂಗುತ್ತಿತ್ತೇನೋ.

ಬಲಗೈ ಮಾತ್ರ ರೈಟ್ ಅಂದರೂ ಹೊರಡಲಿಲ್ಲ.
ನೋಟು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡು
ನಿಂತವರ ನಡುವೆ ಈಜುತ್ತಿದ್ದ ಕೈ,
ಯಾರೋ ಮರೆತು ಇಳಿದ ಲಗೇಜು.

ಫಿಜಿಯೋ ರುಖಿಯಾ ಮೇಡಂ ನನ್ನ ಒಳ್ಳೆಯ ಕೈಯನ್ನು, ಎಡದ್ದನ್ನು,
ಟವಲಿನಲ್ಲಿ ಸುತ್ತಿ ಕಟ್ಟಿಬಿಟ್ಟರು.
ಕೆಲಸ ಮಾಡುವವನನ್ನೇ ಸಸ್ಪೆಂಡ್ ಮಾಡ್ತೀರಾ, ಅನ್ನಬೇಕಿತ್ತು.
ಬಂದದ್ದು: ರೈಟ್.
ಮುಂದೆ ಬಟ್ಟಲು ತುಂಬ ನಾಣ್ಯ. ಈ ಬಟ್ಟಲಿಂದ ಆ ಬಟ್ಟಲಿಗೆ.
ಜೀವಮಾನವಿಡೀ 'ಚಿಲ್ಲರೆ ಇಲ್ಲ' ಅಂದವನು
ಒಂದು ರೂಪಾಯಿಗೆ ಅರ್ಧ ಗಂಟೆ ಬೆವರಿದೆ.

ಸತ್ತ ಜಾಗ ಸತ್ತಿತು, ಅಂದರು ಮೇಡಂ,
ಅದರ ಅಕ್ಕಪಕ್ಕದ್ದು ಕಾದು ಕೂತಿದೆ.
ಅರ್ಥವಾಯಿತು. ಒಮ್ಮೆ ಮೋರಿ ಕುಸಿದಾಗ
ಗದ್ದೆಬದುವಿನ ಓಣಿಗೆ ಬಸ್ಸು ನುಗ್ಗಿಸಿ,
ಹೊಂಗೆ ಕೊಂಬೆ ಗಾಜಿಗೆ ಸವರುತ್ತ,
ತಡವಾದರೂ ಬನ್ನೂರು ಸೇರಿದ್ದೆವು.
ಒಂದು ಸಲವಲ್ಲ. ದಿನಕ್ಕೆ ನಾಲ್ಕು ಟ್ರಿಪ್ಪು, ಏಳು ತಿಂಗಳು.
ಕೊನೆಗೆ ಓಣಿಯವರು ಅಲ್ಲೇ ಒಂದು ಸ್ಟಾಪು ಕೇಳಿದರು.

ಪಕ್ಕದ ಹಾಸಿಗೆಯ ದೊಡ್ಡಬೋರಯ್ಯ ಎರಡು ವಾರ ಬಂದ, ಬಿಟ್ಟ.
ಎರಡು ಬಸ್ಸು, ಕರೆತರಲು ಮಗಳ ಒಂದು ದಿನದ ಕೂಲಿ.
ಬೈಯಲು ನಾನ್ಯಾರು?
ಅವನ ಮಿದುಳೂ ಸುಮ್ಮನಿರಲಿಲ್ಲ, ಹೋಗಿ ನೋಡಿದೆ:
ಎಡಗೈ ಒಂದೇ ಪಂಚೆ ಉಡುತ್ತದೆ, ಬೀಡಿ ಹಚ್ಚುತ್ತದೆ.
ಹೆಬ್ಬೆರಳ ಖಾಲಿ ಸೀಟಿಗೆ
ಭುಜ ಟವಲು ಹಾಕಿ ಕೂತಿದೆ. ಏಳು ಅಂದರೆ ಈಗ ಏಳುತ್ತದೆಯೇ?
ಕಲೆಕ್ಷನ್ ಇಲ್ಲವೆಂದು ಬಲಗೈಯ ಟ್ರಿಪ್ಪನ್ನೇ
ಮೇಲಿನವರು ಕ್ಯಾನ್ಸಲ್ ಮಾಡಿದ್ದಾರೆ.
ಮುಷ್ಟಿ ಬಿಗಿದು ಉಗುರು ಅಂಗೈಗಿಳಿದಿತ್ತು.

ಬಿಡಿಸಿದೆ, ನನ್ನ ಬಲಗೈಯಲ್ಲಿ, ಒಂದೊಂದೇ ಬೆರಳು.
ನೋಡಿದವರಿಗೆ ಇಬ್ಬರು ಹುಡುಗರು
ಗೋಲಿಗೆ ಕಿತ್ತಾಡುವ ಹಾಗೆ ಕಂಡಿರಬೇಕು.

ನನಗೂ ಪೂರ್ತಿ ಬಂದಿಲ್ಲ. ಜೇಬಿನೊಳಗೆ
ಒಂದೋ ಎರಡೋ ತಿಳಿಯುವುದಿಲ್ಲ, ತೆಗೆದು ನೋಡಬೇಕು.
ಗುಂಡಿ ಹಾಕುವಾಗ ನಾಲಿಗೆಯೂ ಹೊರಗೆ ಬರುತ್ತದೆ.
ಟಿಕೆಟ್ಟಿನ ಹಿಂದೆ ಬರೆದ ಬಾಕಿಯಂತೆ ಇಟ್ಟುಕೊಂಡಿದ್ದೇನೆ,
ಸ್ಟ್ಯಾಂಡ್ ಬರುವ ಮುಂಚೆ ಕೇಳಿಯೇ ಕೇಳುತ್ತೇನೆ.
ಕೇಳದೆ ಇಳಿದುಹೋದವರು ಎಷ್ಟೆಂದು ನನಗೆ ಗೊತ್ತು.
ಅವರ ಚಿಲ್ಲರೆ
ನನ್ನ ಚೀಲದಲ್ಲೇ ಉಳಿಯುತ್ತಿತ್ತು.