ಕಿವಿರು

ಮಲ್ಪೆಯ ಐಸ್ ಪ್ಲಾಂಟಿನ ಲೆಕ್ಕದ ಮೇಜಿನ ಮೇಲೆ
ಹನ್ನೆರಡು ವರ್ಷದ ಕಂಪ್ಯೂಟರಿಗೆ
ಮರುಜೀವ ಬಂದು ಇವತ್ತಿಗೆ ಮೂರು ದಿನ.
ಫ್ಲೋಸಿಬಾಯಿಯ ಮೊಮ್ಮಗಳು ಪೆನ್‌ಡ್ರೈವ್ ಚುಚ್ಚಿ, ಲಿನಕ್ಸ್ ಹಾಕಿ,
"ದುಡ್ಡು ಬೇಡ ಅಂಕಲ್, ಇದು ಎಲ್ಲರದ್ದು" ಎಂದು ಹೋದಳು.

ಎಲ್ಲರದ್ದು ಎಂದರೆ ಯಾರದ್ದು?
ಕೆಟ್ಟರೆ ಯಾರ ಮನೆಯ ಬಾಗಿಲು ಬಡಿಯಲಿ?

ಪಾಸ್‌ವರ್ಡ್ ಒತ್ತುತ್ತೇನೆ, ಒಂದು ಚುಕ್ಕಿಯೂ ಮೂಡುವುದಿಲ್ಲ.
ಕೀಬೋರ್ಡ್ ಸತ್ತಿತೆಂದು ಎರಡು ಬಾರಿ ಕುಟ್ಟಿದೆ.
ನೋಡಿದರೆ ಅದರ ರೂಢಿಯೇ ಹಾಗೆ,
ಕೇಳಿಸಿಕೊಳ್ಳುತ್ತದೆ, ಹೂಂಗುಟ್ಟುವುದಿಲ್ಲ.

ಪ್ರಿಂಟರು ಇನ್ನೂ ಮುನಿದೇ ಇದೆ.
ಜಲಜಕ್ಕನ ಬಿಲ್ಲು ಕೈಯಲ್ಲೇ ಬರೆದೆ.
"ಇದರ ಒಳಗೇನಿದೆಯೆಂದು ಯಾರೂ ನೋಡಬಹುದಂತೆ" ಎಂದೆ.
ಅವಳು ಬುಟ್ಟಿಯ ಬಂಗುಡೆಯ ಕಿವಿರೆತ್ತಿದಳು, ಕೆಂಪು.
"ಬಿಡಿಸಿ ತೋರಿಸದವರ ಹತ್ತಿರ
ಇಷ್ಟು ವರ್ಷ ಹೇಗೆ ಕೊಂಡಿರಿ ಮಾರಾಯ್ರೆ?"

ಕೊಂಡದ್ದಲ್ಲ, ಕದ್ದ ಕಾಪಿಯೆಂದು
ನಾನು ಬಾಯಿಬಿಡಲಿಲ್ಲ.