ಬಳೆ ಬಿಚ್ಚುವ ದಿನ

ಏಣಿಯ ಆರನೇ ಮೆಟ್ಟಿಲ ಮೇಲೆ ನಿಂತಿದ್ದೇನೆ
ನಾನು, ವೆಲ್ಡರ್ ನಂಜಾಚಾರಿ.
ಕೆಳಗಿನ ಜಗಳ ಮುಗಿಯುವ ತನಕ
ರಿಂಗ್ ಕತ್ತರಿಸಬಾರದಂತೆ.
ಹೊಸ ಗಾಜಿನ ಬೋರ್ಡು ಗೋಣಿ ಹೊದ್ದು
ಬೇಲಿಗೆ ಒರಗಿದೆ. ಸಾಲಗಾಮೆ ರಸ್ತೆಯ ಬಸ್ಸುಗಳು
ಹಾರ್ನ್ ಹೊಡೆದು ತಮ್ಮ ವೋಟು ಹಾಕಿ ಹೋಗುತ್ತಿವೆ.

ಈ ಕಾಲೇಜಿನಲ್ಲಿ ಡಂಕ್ ಹೊಡೆದವರು
ನಲವತ್ತು ವರ್ಷಕ್ಕೆ ಐದೇ ಜನ.
ಐವರಲ್ಲಿ ದೊಡ್ಡವನು ಯಾರು?
ಇಷ್ಟೇ ಪ್ರಶ್ನೆ. ಬೆಳಿಗ್ಗೆ ಒಂಬತ್ತರಿಂದ ಇದೇ.

"ಆಲ್ಫಾನ್ಸ್ ಕಣ್ರೀ," ರಿಟೈರ್ಡ್ ತಹಶೀಲ್ದಾರ್ ಲೋಕಪ್ಪಗೌಡರು,
"ಎರಡೂ ಕೈಯಲ್ಲಿ! ಮಂಗಳೂರಿನವರ ತಲೆ ಮೇಲೆ!
ಬೋರ್ಡು ನಡುಗಿ ಪಾರಿವಾಳ ಎದ್ದವು."
"ಪಾರಿವಾಳ ಏಳೋಕೆ ಒಂದು ಶಿಳ್ಳೆ ಸಾಕು," ಸಿದ್ದೇಶ,
ಸಂತೆಪೇಟೆಯಲ್ಲಿ ಆಲೂಗಡ್ಡೆ ಮಂಡಿ ಇಟ್ಟವನು,
"ನಮ್ಮ ದ್ಯಾವಣ್ಣನ ಮೀನಖಂಡ ನೋಡಿದ್ರಾ?
ಐವತ್ತು ಕೆಜಿ ಮೂಟೆ ಹೊತ್ತು ಲಾರಿ ಹತ್ತುತ್ತಿದ್ದ.
ಚೆಂಡು ಅವನಿಗೆ ಒಂದು ಗಡ್ಡೆ."
ಆಗ ಸ್ಕೋರ್ ಬರೆಯುತ್ತಿದ್ದ,
ಈಗ ಫಿಸಿಕ್ಸ್ ಹೇಳುವ ಜಲೀಲಾ ಮೇಡಂ:
"ದ್ಯಾವಣ್ಣನ ಡಂಕು ಹಾಸನಾಂಬೆ ಬಾಗಿಲ ಹಾಗೆ,
ವರ್ಷಕ್ಕೊಂದು ಸಲ. ಅದೂ ಜನ ಸೇರಿದರೆ.
ಪುಸ್ತಕ ನನ್ನ ಹತ್ತಿರ ಇದೆ."
"ನಿಮ್ಮ ಪುಸ್ತಕದಲ್ಲಿ
ಡಂಕಿಗೂ ಎರಡು, ಲೇಅಪ್ಪಿಗೂ ಎರಡು, ಬಿಡಿ ಮೇಡಂ."

ನನ್ನನ್ನು ಯಾರೂ ಕೇಳುವುದಿಲ್ಲ.
ಈ ಬಳೆಗೆ ಮೂರು ಬೆಸುಗೆ. ಮೂರೂ ನನ್ನವೇ,
ಒಂದರ ದುಡ್ಡು ಇನ್ನೂ ಬರಬೇಕು.
ಎಡಗಡೆಯ ಗಂಟು ಆಲ್ಫಾನ್ಸನದು:
ಹೊಡೆದ ಮೇಲೆ ಇಳಿಯಲು ಮನಸ್ಸಿಲ್ಲದೆ
ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಕಡೆ ಮುಖಮಾಡಿ ನೇತಾಡಿದ್ದು.
ಮುಂದಿನದು ದ್ಯಾವಣ್ಣನದು. ಪಂದ್ಯದ್ದಲ್ಲ.
ಯೂನಿವರ್ಸಿಟಿ ತಂಡದ ಪಟ್ಟಿ ಅಂಟಿಸಿದ ಸಂಜೆ
ಒಬ್ಬನೇ ಬಂದು, ಕತ್ತಲಾಗುವವರೆಗೆ,
ತನ್ನ ಹೆಸರಿಲ್ಲದ್ದಕ್ಕೆ.
ಮೂರನೆಯದಕ್ಕೆ ಆಟವೇ ಕಾರಣವಲ್ಲ,
ಗಣಪತಿ ಪೆಂಡಾಲಿನ ಹಗ್ಗ ಕಟ್ಟಿದ್ದರು.

ಜಗಳದಲ್ಲಿ ಒಬ್ಬನ ಹೆಸರು ಬರಲೇ ಇಲ್ಲ.
ಗೌಸ್, ಕಟ್ಟಿನಕೆರೆಯ ಬಳೆ ಅಂಗಡಿಯವರ ಹುಡುಗ.
ಬಸುರಿಯ ಊದಿದ ಕೈಗೆ ಅವರಪ್ಪ
ಗಾಜು ಏರಿಸುತ್ತಿದ್ದರಲ್ಲ,
ಬೆರಳು ಕೂಡಿಸಿ, ಗೆಣ್ಣು ಒತ್ತಿ,
"ಎಷ್ಟು ತಿಂಗಳಮ್ಮ" ಅಂತ ಮಾತಿಗೆಳೆದು,
ಹಾಗೆ ಇವನು ಮೇಲೆ ಹೋಗಿ
ಬಳೆಯೊಳಗೆ ಕೈ ಇಳಿಸಿ
ಚೆಂಡು ಬಿಟ್ಟು ಬಂದುಬಿಡುತ್ತಿದ್ದ.
ರಿಂಗಿಗೆ ಗೊತ್ತಾಗುತ್ತಿರಲಿಲ್ಲ.
ನನಗೂ ಕೆಲಸ ಸಿಗುತ್ತಿರಲಿಲ್ಲ.

ಜಗಳ ಈಗ ಎತ್ತರಕ್ಕೆ ಬಂತು.
"ತೊಂಬತ್ತಾರರಲ್ಲಿ ಹಳೇ ನೆಲದ ಮೇಲೇ ಸಿಮೆಂಟು ಸುರಿದರು.
ನೆಲ ಎದ್ದಿತು, ರಿಂಗ್ ಅಲ್ಲೇ ಉಳಿಯಿತು.
ಆಮೇಲಿನವರದು ಡಂಕೇ ಅಲ್ಲ!"
ಲೋಕಪ್ಪಗೌಡರು ಜಮೀನಿನ ತೀರ್ಪು ಕೊಟ್ಟ ಹಾಗೆ ನಿಂತರು.
"ಆಚಾರ್ರೇ, ಟೇಪ್ ಇದೆಯಾ?"

ಟೇಪ್ ಇಳಿಬಿಟ್ಟೆ. ಸಿದ್ದೇಶ ಅದರ ತುದಿಯನ್ನು
ಬೂಟಿನಲ್ಲಿ ಮೆಟ್ಟಿ ಹಿಡಿದು
ಮೇಲೆ ನೋಡಿದ, ರಿಸಲ್ಟ್ ದಿನದ ಮುಖದಲ್ಲಿ.
ಒಂಬತ್ತಡಿ ಒಂಬತ್ತೂವರೆ ಇಂಚು.
ಕನ್ನಡಕ ಸರಿಮಾಡಿ ಮತ್ತೆ ಓದಿದೆ. ಅಷ್ಟೇ.
ದ್ಯಾವಣ್ಣ ಸಿಮೆಂಟಿನ ಈಚೆಯವನು.
ಗೌಸನೂ ಈಚೆಯವನೇ.

"ಹತ್ತಡಿ," ಅಂದೆ. "ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ."
ಬೂಟು ಎತ್ತಿದ್ದೇ ತಡ
ಟೇಪು ಸರ್ರನೆ ಒಳಗೆ ಓಡಿತು.
ಮೇಡಂ ಮಾತ್ರ ನನ್ನನ್ನು ಸ್ವಲ್ಪ ಹೊತ್ತು ನೋಡಿದರು,
ಆಮೇಲೆ ನೆಲವನ್ನು. ಏನೂ ಅನ್ನಲಿಲ್ಲ.

ಕಟರ್ ಹೊತ್ತಿಸಲು ಬೆಂಕಿಪೊಟ್ಟಣ ಕೇಳಿದೆ.
ಜೇಬು ತಡಕಿದರು: ಬಿ.ಪಿ. ಮಾತ್ರೆ, ಕಾರಿನ ಕೀಲಿ,
ಮಂಡಿಯ ರಸೀದಿ. ಬೆಂಕಿ ಯಾರಲ್ಲೂ ಇಲ್ಲ.
ಸಿಗರೇಟು ಎಲ್ಲರೂ ಬಿಟ್ಟಿದ್ದಾರಂತೆ.
ಕ್ಯಾಂಟೀನಿಗೆ ಒಬ್ಬ ಹುಡುಗನನ್ನು ಓಡಿಸಿದೆವು.
ಅವನು ಗೇಟು ದಾಟಿರಲಿಲ್ಲ,
"ಹತ್ತಡಿಯೇ ಇರಲಿ ಕಣಯ್ಯ," ಲೋಕಪ್ಪಗೌಡರು,
"ಆದರೂ ಆಲ್ಫಾನ್ಸ್..."